ಮಲ್ಲುಕಾಕಾನ ಗಾಳಕ್ಕೊಂದು ಸ್ಟ್ಯಾಂಡು

ಶಹಾಬಜಾರದ ನಮ್ಮ ಮನೆಯ ಪಡಸಾಲೆಯಲ್ಲಿ, ಬಾಗಿಲ ಪಕ್ಕದ ಗೋಡೆಗೆ ಒಂದು ಬಿಳಿ ಪ್ಲಾಸ್ಟಿಕ್ ಕೊಳವೆ ಬಡಿದಿದ್ದೇವೆ. ಅದರಲ್ಲಿ ಕೊಡೆ ಇಡುತ್ತೇವೆ. ಕಲಬುರಗಿಯಲ್ಲಿ ಕೊಡೆಗೆ ವರ್ಷದಲ್ಲಿ ಹೆಚ್ಚು ಕೆಲಸವಿಲ್ಲ. ಅದು ಅಲ್ಲಿ ನಿಶ್ಚಿಂತೆಯಿಂದ ನಿಂತಿರುತ್ತದೆ. ಬಚ್ಚಲಿನಲ್ಲಿ ಅಂಥದೇ ಇನ್ನೊಂದು ಇದೆ, ತುಕ್ಕು ಹಿಡಿದ ಕಬ್ಬಿಣದ್ದು, ಅದರಲ್ಲಿ ಪೊರಕೆ. ಮಾಳಿಗೆಯ ಮೇಲೆ ಅಲ್ಯೂಮಿನಿಯಂನದೊಂದು ಇದೆ. ಅದರಲ್ಲಿ ಏನನ್ನೂ ಇಡಲು ಬರುವುದಿಲ್ಲ, ತಳ ಕಳಚಿದೆ. ಮನೆಗೆ ಬಂದವರು ಕೇಳಿದರೆ ನನ್ನ ಹೆಂಡತಿ ಮಹಾದೇವಿ ಸಹಜವಾಗಿ ಹೇಳುತ್ತಾಳೆ, ಇವೆಲ್ಲ ಸಮುದ್ರದಲ್ಲಿ ಮೀನು ಹಿಡಿಯುವ ಗಾಳದ ಕೋಲು ನಿಲ್ಲಿಸುವ ಸ್ಟ್ಯಾಂಡುಗಳು ಎಂದು. ಬಂದವರು ಚಹಾ ಕುಡಿಯುತ್ತ ಬೇರೆ ವಿಷಯ ತೆಗೆಯುತ್ತಾರೆ.

ನಮ್ಮ ಊರಿಗೂ ಸಮುದ್ರಕ್ಕೂ ಸಂಬಂಧವಿಲ್ಲ. ನಮ್ಮ ಮನೆತನಕ್ಕೂ ಮೀನಿಗೂ ಸಂಬಂಧವಿಲ್ಲ. ಈ ಎರಡು ವಾಕ್ಯಗಳಲ್ಲಿ ಮೊದಲನೆಯದು ಮಾತ್ರ ಪೂರ್ತಿ ನಿಜ. ಎರಡನೆಯದರ ವಿಷಯ ಆಮೇಲೆ ಹೇಳುತ್ತೇನೆ.

ಮಲ್ಲುಕಾಕಾ ನನ್ನ ಅಪ್ಪನ ಕೊನೆಯ ತಮ್ಮ. ಹೆಸರಿಗೆ ಕಾಕಾ; ನನಗಿಂತ ಐದೇ ವರ್ಷಕ್ಕೆ ದೊಡ್ಡವನು. ಕಮಲಾಪುರದಲ್ಲಿ ನಮ್ಮ ಹಿರಿಯರ ಕೆಂಪು ಬಾಳೆಯ ತೋಟ ಅವನ ಪಾಲಿಗೆ ಬಂತು. ಓದು ನನ್ನ ಪಾಲಿಗೆ ಬಂತು. ನಾನು ಅದೇ ಕಮಲಾಪುರದ ಪ್ರೌಢಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರು. ಕಲಬುರಗಿಯಿಂದ ದಿನವೂ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಇದರಿಂದಾಗಿ ಕಾಕಾನ ಕಣ್ಣಲ್ಲಿ ನಾನು ಎಲ್ಲ ಯಂತ್ರ, ಲೋಹ, ಔಷಧಿ, ಉಪಗ್ರಹಗಳ ಜವಾಬ್ದಾರ. ಟ್ರಾನ್ಸ್‌ಫಾರ್ಮರ್ ಸುಟ್ಟರೂ ನನಗೇ ಫೋನು.

ಎರಡು ವರ್ಷದ ಹಿಂದೆ ದನದ ಮೇವಿನ ಕಣಕಿ ಕತ್ತರಿಸುವ ಮಿಷನ್ನಿಗೆ ಅವನ ಎಡಗೈ ಸಿಕ್ಕಿತು. ಮೂರು ಬೆರಳು ಹೋದವು. ಉಳಿದ ಎರಡು ಇದ್ದೂ ಇಲ್ಲದಂತಾದವು. ಮಣಿಕಟ್ಟು ತಿರುಗುವುದಿಲ್ಲ. ಆಸ್ಪತ್ರೆಯಿಂದ ಬಂದ ಮೇಲೆ ಅವನು ತೋಟಕ್ಕೆ ಹೋಗುವುದನ್ನೇ ಬಿಟ್ಟ. ಗೋಡೆ ನೋಡುತ್ತ ಕೂರುತ್ತಿದ್ದ. ಅವನ ಮಗಳು ಸುವರ್ಣಾ ಕಾರವಾರದಲ್ಲಿ ನರ್ಸು. ಬಂದು ನೋಡಿ, ಗೋಡೆಯೇ ಬೇಕಾದರೆ ಕಾರವಾರದಲ್ಲೂ ಇದೆ, ಕೈಯ ವ್ಯಾಯಾಮವನ್ನಾದರೂ ಮಾಡಿಸುತ್ತೇನೆ ಎಂದು ಕರೆದುಕೊಂಡು ಹೋದಳು. ಕಾಕಿ ತೋಟ ನೋಡಿಕೊಂಡು ಊರಲ್ಲೇ ಉಳಿದಳು.

ಸುವರ್ಣಾಳ ಮನೆಯ ಮಾಲೀಕರು ವಯಸ್ಸಾದ ಮೀನುಗಾರರು. ಮನೆಯ ಹಿಂದೆಯೇ ಅಳಿವೆ, ಅಲ್ಲಿ ಅವರದೊಂದು ಸಣ್ಣ ದೋಣಿ. ಒಂದು ದಿನ ಕಾಕಾನನ್ನು ದೋಣಿಯಲ್ಲಿ ಕೂರಿಸಿಕೊಂಡು ಹೋಗಿ ಕೈಗೊಂದು ಗಾಳದ ಕೋಲು ಕೊಟ್ಟರಂತೆ. ಅವತ್ತಿನಿಂದ ಕಾಕಾ ಗೋಡೆ ನೋಡುವುದನ್ನು ಬಿಟ್ಟು ನೀರು ನೋಡತೊಡಗಿದ. ತಿನ್ನುವುದಿಲ್ಲ, ಹಿಡಿಯುವುದಷ್ಟೇ. ಹಿಡಿದದ್ದನ್ನು ಮಾಲೀಕರಿಗೆ ಕೊಡುತ್ತಾನೆ. ಮಾಲೀಕರಿಗೆ ಇಂಥ ಬಾಡಿಗೆದಾರರು ಹಿಂದೆ ಸಿಕ್ಕಿರಲಿಲ್ಲ.

ತೊಂದರೆ ಒಂದೇ. ಗಾಳದ ಕೋಲಿಗೆ ಎರಡು ಕೈ ಬೇಕು: ಒಂದು ಕೋಲು ಹಿಡಿಯಲು, ಒಂದು ರೀಲು ಸುತ್ತಲು. ಕಾಕಾ ಕೋಲನ್ನು ಎಡ ಕಂಕುಳಲ್ಲಿ ಅವುಚಿಕೊಂಡು ಬಲಗೈಯಿಂದ ರೀಲು ಸುತ್ತುತ್ತಿದ್ದ. ದೊಡ್ಡದೊಂದು ಮೀನು ಜಗ್ಗಿದಾಗ ಕೋಲು ಕಂಕುಳಿಂದ ಹಾರಿ ಸಮುದ್ರಕ್ಕೆ ಹೋಯಿತು. ಅದು ಮಾಲೀಕರ ಕೋಲು. ಆಮೇಲೆ ಪೇಟೆಯಿಂದ ಹೊಸ ಕೋಲು, ಪ್ಲಾಸ್ಟಿಕ್ ಸ್ಟ್ಯಾಂಡು ತಂದು, ಸ್ಟ್ಯಾಂಡನ್ನು ದೋಣಿಯ ಅಂಚಿಗೆ ಹಾಕಿದ. ಅಂಥ ಸ್ಟ್ಯಾಂಡು ಎರಡು ಕೈ ಇರುವವರಿಗೆ ಮಾಡಿದ್ದು. ಮೀನು ಸಿಕ್ಕಿದ ಕೂಡಲೇ ಅವರು ಕೋಲನ್ನು ಅದರಿಂದ ಎತ್ತಿಕೊಳ್ಳುತ್ತಾರೆ. ಕಾಕಾನಿಗೆ ಎತ್ತಲು ಬರುವುದಿಲ್ಲ. ಮೀನಿನ ಜಗ್ಗಾಟವನ್ನೆಲ್ಲ ಸ್ಟ್ಯಾಂಡೇ ತಾಳಬೇಕು. ತಾಳಲಿಲ್ಲ, ಬಿರುಕು ಬಿಟ್ಟಿತು. ಕಬ್ಬಿಣದ ಪೈಪಿನದು ಮಾಡಿಸಿದ. ಎರಡು ತಿಂಗಳಲ್ಲಿ ತುಕ್ಕು ತಿಂದು, ಕೋಲು ಒಳಗೇ ಸಿಕ್ಕಿಹಾಕಿಕೊಂಡಿತು. ಆಗ ನನಗೆ ಫೋನು ಬಂತು.

“ಬಸು, ಉಪ್ಪುನೀರಿಗೆ ತಡಿಯೋ ಅಂಥಾದೊಂದು ಸ್ಟ್ಯಾಂಡ್ ಬೇಕು. ನೀ ಸಾಯಿನ್ಸ್ ಕಲಿಸ್ತೀದಿ, ನಿನಗ ಗೊತ್ತಿರ್ತದ.”

ನನಗೆ ಗೊತ್ತಿರಲಿಲ್ಲ. ಹಾಗೆ ಹೇಳುವುದು ನಮ್ಮ ವೃತ್ತಿಯಲ್ಲಿ ರೂಢಿಯಿಲ್ಲ. ನೋಡ್ತೀನಿ ಎಂದೆ.

ಮೊದಲು ನಮ್ಮೂರಿನ ರೋಜಾ ಬಡಾವಣೆಗೆ ಹೋದೆ. ದರ್ಗಾದ ಹತ್ತಿರ ಬೀಗ, ಟ್ರಂಕು, ಸರಪಳಿ, ಊರುಗೋಲು ಮಾರುವ ಒಬ್ಬ ಚಾಚಾನ ಅಂಗಡಿ ಇದೆ. ಯಾತ್ರಿಕರಿಗೆ ಬೇಕಾದದ್ದೂ ಬೇಡವಾದದ್ದೂ ಅಲ್ಲಿ ಸಿಗುತ್ತದೆ. ವಿಷಯ ವಿವರಿಸಿದೆ. ಚಾಚಾ ಗಂಭೀರವಾಗಿ ಕೇಳಿ, ಏಣಿ ಹತ್ತಿ, ಮೇಲಿನ ಅರೆಯಿಂದ ಒಂದು ವಸ್ತು ಇಳಿಸಿ ಧೂಳು ಒರೆಸಿ ಮುಂದಿಟ್ಟ. ಜೀಪಿನ ಮುಂದೆ ಝಂಡಾ ಸಿಕ್ಕಿಸುವ ಕೊಳವೆ. ಝಂಡಾ ಮೀನಿನ ಹಾಗೆ ಜಗ್ಗುವುದಿಲ್ಲ ಎಂದೆ. ಚಾಚಾ ಕೊಳವೆಯನ್ನು ಮತ್ತೊಮ್ಮೆ ಒರೆಸಿದ.

“ಸಮುಂದರ್ ಕಾರವಾರದಾಗ ಅದ. ಮಛಲೀನೂ ಅಲ್ಲೇ ಅದ. ನೀವು ರೋಜಾದಾಗ ಯಾಕ ಹುಡುಕಾಕತ್ತೀರಿ ಜನಾಬ್?”

ಝಂಡಾದ ಕೊಳವೆ ಕೊಂಡೆ. ಈಗ ಪೊರಕೆ ಇರುವುದು ಅದರಲ್ಲೇ.

ಏಪ್ರಿಲ್ ಬಂತು, ಶಾಲೆಗೆ ರಜೆ. ನಾನು ಮಾಳಿಗೆಯ ಮೇಲೆ ಸಮುದ್ರ ನಿರ್ಮಿಸಿದೆ. ಲೀಟರಿಗೆ ಮೂವತ್ತೈದು ಗ್ರಾಂ ಕಲ್ಲುಪ್ಪು, ಆರು ಗಾಜಿನ ಭರಣಿ. ಒಂದರಲ್ಲಿ ಬಣ್ಣ ಬಳಿದ ಕಬ್ಬಿಣ, ಒಂದರಲ್ಲಿ ಸತು ಲೇಪಿಸಿದ್ದು, ಒಂದರಲ್ಲಿ ಸ್ಟೀಲಿನ ಬೋಲ್ಟು ಹಾಕಿದ ಅಲ್ಯೂಮಿನಿಯಂ ಸ್ಟ್ಯಾಂಡು, ಒಂದರಲ್ಲಿ ಹಿತ್ತಾಳೆ. ಸಾದಾ ಸ್ಟೇನ್‌ಲೆಸ್ ಸ್ಟೀಲಿನ ತುಂಡು ಬೇಕಾಗಿತ್ತು. ಅಡುಗೆಮನೆಯಿಂದ ಒಂದು ಚಮಚ ತೆಗೆದುಕೊಂಡೆ. ಆರನೆಯದರಲ್ಲಿ ಏನೂ ಇರಲಿಲ್ಲ. ಪ್ರಯೋಗದಲ್ಲಿ ಹಾಗೊಂದು ಇರಬೇಕೆಂದು ನಾನೇ ಮಕ್ಕಳಿಗೆ ಹೇಳಿಕೊಟ್ಟಿದ್ದೇನೆ. ದಿನಾ ಸಂಜೆ ತುಂಡುಗಳನ್ನು ಎತ್ತಿ ಗಾಳಿಗಿಟ್ಟು, ಮರುದಿನ ಮತ್ತೆ ಮುಳುಗಿಸಿ, ನೋಟ್‌ಬುಕ್ಕಿನಲ್ಲಿ ಬರೆದೆ. ಪಕ್ಕದ ಮಾಳಿಗೆಯವರು ಉಪ್ಪಿನಕಾಯಿ ಹಾಕೀರೇನ್ರಿ ಎಂದು ಮಹಾದೇವಿಯನ್ನು ಕೇಳಿದರು. ಅವಳು ಹೌದೆಂದಳು.

ಕಬ್ಬಿಣ ವಾರದಲ್ಲಿ ಹೋಯಿತು. ಸತುವಿನ ಲೇಪ ಬಿಳಿ ಬೂಷ್ಟು ಹಿಡಿದು, ಆಮೇಲೆ ಕೆಂಪಾಯಿತು. ಅಲ್ಯೂಮಿನಿಯಂ ತಾನೇ ಚೆನ್ನಾಗಿತ್ತು. ಸ್ಟೀಲಿನ ಬೋಲ್ಟು ಮುಟ್ಟಿದ ಜಾಗದಲ್ಲಿ ಮಾತ್ರ ಹಿಟ್ಟಿನಂತೆ ಉದುರಿತು. ಎರಡು ಲೋಹ ಉಪ್ಪುನೀರಿನಲ್ಲಿ ಒಂದಕ್ಕೊಂದು ತಾಗಿದರೆ ಒಂದು ಇನ್ನೊಂದನ್ನು ತಿನ್ನುತ್ತದೆ ಎಂದು ಹತ್ತನೆಯ ತರಗತಿಗೆ ಹದಿನೆಂಟು ವರ್ಷದಿಂದ ಪಾಠ ಮಾಡುತ್ತಿದ್ದೇನೆ. ಆಗುವುದನ್ನು ನೋಡಿದ್ದು ಅದೇ ಮೊದಲು. ಹಿತ್ತಾಳೆ ಹಸಿರಾಗಿ ಬದುಕಿತು, ಆದರೆ ಅಷ್ಟು ದಪ್ಪದ ಹಿತ್ತಾಳೆಯನ್ನು ದೋಣಿಗೆ ಬಡಿದರೆ ಕಾಕಾನಿಗಿಂತ ಮೊದಲು ಕಳ್ಳರೇ ಅದನ್ನು ಮೆಚ್ಚುತ್ತಾರೆ. ಚಮಚ ಬಹಳ ದಿನ ತಡೆಯಿತು. ಕೊನೆಗೆ ಅದರ ಕುತ್ತಿಗೆಯಲ್ಲೂ ಕಂದು ಚುಕ್ಕೆಗಳು ಬಂದವು. ಆ ಚಮಚದ ಜೊತೆಯವು ಐದು ಈಗಲೂ ಮನೆಯಲ್ಲಿವೆ. ಊಟಕ್ಕೆ ಆರು ಜನ ಬಂದಾಗಲೆಲ್ಲ ಆ ವಿಷಯ ಏಳುತ್ತದೆ.

ಪ್ಲಾಸ್ಟಿಕ್ಕಿಗೆ ಭರಣಿ ಬೇಕಿರಲಿಲ್ಲ. ಸಮುದ್ರ ಇಲ್ಲದಿದ್ದರೂ ನಮ್ಮಲ್ಲಿ ಬಿಸಿಲಿದೆ. ಪ್ಲಾಸ್ಟಿಕ್ಕನ್ನು ಕೊಲ್ಲುವುದು ಉಪ್ಪಲ್ಲ, ಬಿಸಿಲು. ಆನ್‌ಲೈನಿನಲ್ಲಿ ತರಿಸಿದ ಎರಡು ಸ್ಟ್ಯಾಂಡು ಮಾಳಿಗೆಯ ಕಟ್ಟೆಗೆ ಕಟ್ಟಿ ಮೇ ತಿಂಗಳು ಪೂರ್ತಿ ಬಿಟ್ಟೆ. ಒಂದು ಮುಟ್ಟಿದರೆ ಮುರಿಯಿತು. ಇನ್ನೊಂದು ಕೊಡೆ ಹಿಡಿಯುವಷ್ಟು ಉಳಿಯಿತು.

ಜೂನಿನ ಹೊತ್ತಿಗೆ ನನಗೆ ಉತ್ತರ ಗೊತ್ತಿತ್ತು. ಮುನ್ನೂರ ಹದಿನಾರು ಎಂಬ ನಂಬರಿನ ಸ್ಟೇನ್‌ಲೆಸ್ ಸ್ಟೀಲು ಬೇಕು. ಅದರಲ್ಲಿ ಒಂದಿಷ್ಟು ಮಾಲಿಬ್ಡಿನಮ್ ಸೇರಿರುವುದರಿಂದ ಉಪ್ಪಿಗೆ ಬಗ್ಗುವುದಿಲ್ಲ. ಬೋಲ್ಟು, ನಟ್ಟು, ಹಲಗೆಯ ಕೆಳಗೆ ಕೊಡುವ ಪಟ್ಟಿ ಎಲ್ಲವೂ ಅದೇ ಇರಬೇಕು. ಕೊಳವೆಯ ತಳದಲ್ಲಿ ನೀರು ಇಳಿಯಲು ತೂತು, ಕೋಲು ತಿರುಗದಂತೆ ಒಳಗೊಂದು ಅಡ್ಡಕಡ್ಡಿ. ಅಂಗಡಿಯವರು ಅಯಸ್ಕಾಂತ ಹಚ್ಚಿ ತೋರಿಸಿ, ಅಂಟಿಕೊಳ್ಳದಿದ್ದರೆ ಅಸಲಿ ಎನ್ನುತ್ತಾರೆ. ನಂಬಬೇಡಿ. ಚಮಚದ ಸ್ಟೀಲಿಗೂ ಅಂಟುವುದಿಲ್ಲ. ಈ ಸ್ಟೀಲಿನ ಕೆಲಸ ಬಲ್ಲವರು ಯಾರೆಂದು ನಾಲ್ಕು ಕಡೆ ಕೇಳಿದೆ. ನಾಲ್ಕೂ ಕಡೆ ಒಂದೇ ಹೆಸರು ಹೇಳಿದರು: ಹುಮನಾಬಾದ್ ರಸ್ತೆಯ ಅಂಬಾದಾಸ ಮೇಸ್ತ್ರಿ.

ಇಲ್ಲಿ ನಾನು ಒಂದು ವಿಷಯ ಹೇಳಲೇಬೇಕು. ಕಮಲಾಪುರದ ಬಸ್ಸಿನಲ್ಲಿ ನಾನು ಎಡಗಡೆ ಕೂರುವುದಿಲ್ಲ. ಯಾರಾದರೂ ಕರೆದು ಜಾಗ ಕೊಟ್ಟರೆ ಆ ಕಡೆ ಬಿಸಿಲು ಎನ್ನುತ್ತೇನೆ. ಬೆಳಗಿನ ಹೊತ್ತು ಮೂಡಣಕ್ಕೆ ಹೋಗುವ ಬಸ್ಸಿನಲ್ಲಿ ಎಡಗಡೆ ಬಿಸಿಲು ಬೀಳುವುದಿಲ್ಲ. ವಿಜ್ಞಾನದ ಮೇಷ್ಟ್ರು ಹೇಳಿದ್ದರಿಂದ ಯಾರೂ ಪ್ರಶ್ನಿಸಿಲ್ಲ. ಎಡಗಡೆ ಬೀಳುವುದು ಅಂಬಾದಾಸನ ವರ್ಕ್‌ಶಾಪು. ದೊಡ್ಡ ಅಕ್ಷರದಲ್ಲಿ ಅವನ ಹೆಸರಿನ ಬೋರ್ಡು ಇದೆ.

ಅಂಬಾದಾಸನ ಅಪ್ಪ ಹಣಮಂತ ನಮ್ಮ ಬಾಳೆಯ ತೋಟದಲ್ಲಿ ಕೆಲಸಕ್ಕಿದ್ದ. ಅಂಬಾದಾಸ, ಮಲ್ಲುಕಾಕಾ ಒಂದೇ ವಾರಿಗೆಯವರು, ಒಂದೇ ತರಗತಿ. ನಾನು ಬಾಲದ ಹಾಗೆ ಅವರ ಹಿಂದೆ. ಶಾಲೆ ಬಿಟ್ಟ ಮೇಲೆ ಮೂವರೂ ಕೆರೆಗೆ ಹೋಗುತ್ತಿದ್ದೆವು. ಅಂಬಾದಾಸ ಬಿದಿರಿನ ಕೋಲಿಗೆ ದಾರ ಕಟ್ಟಿ, ಎರೆಹುಳ ಸಿಕ್ಕಿಸಿ, ನೀರಿನ ಮೇಲೆ ನವಿಲುಗರಿಯ ದಂಟು ತೇಲಿಬಿಟ್ಟು ಮೀನು ಹಿಡಿಯುವುದನ್ನು ಕಾಕಾನಿಗೆ ಕಲಿಸಿದ. ಬೆರಳುದ್ದದ ಮೀನುಗಳು. ಅವನ್ನು ಅಲ್ಲೇ ಕುಳ್ಳಿನ ಕೆಂಡದಲ್ಲಿ ಸುಟ್ಟು, ಉಪ್ಪು ಖಾರ ಹಚ್ಚಿ ಅಂಬಾದಾಸ ತಿನ್ನುತ್ತಿದ್ದ. ಕಾಕಾ ತಿನ್ನುತ್ತಿರಲಿಲ್ಲ, ಅವನಿಗೆ ಹಿಡಿಯುವುದಷ್ಟೇ ಬೇಕಿತ್ತು, ಆಗಲೂ ಈಗಲೂ. ನನಗೆ ವಾಸನೆ ಹಿಡಿಸಿತು. ಒಂದು ದಿನ ಕೇಳಿದೆ. ಅಂಬಾದಾಸ, ನಿಮ್ಮ ಮನ್ಯಾಗ ಬೈತಾರ ಎಂದು ಎರಡು ಸಲ ಹೇಳಿದ. ಮೂರನೆಯ ಸಲ ಕೇಳಿದಾಗ ಕೊಟ್ಟ.

ಮನೆಗೆ ಬಂದಾಗ ಬಾಯಿ ವಾಸನೆ ಬರುತ್ತಿತ್ತು. ಅಜ್ಜ ಕಟ್ಟೆಯ ಮೇಲೆ ಕೂತಿದ್ದ. ಏನು ತಿಂದಿ ಎಂದ. ನನಗೆ ಒಂಬತ್ತು ವರ್ಷ. ಅಜ್ಜನ ಕೈಯಲ್ಲಿ ಬಾರುಕೋಲು ಇರಲಿಲ್ಲ, ಆದರೆ ಗೋಡೆಗೆ ನೇತುಹಾಕಿದ್ದು ಕಾಣುತ್ತಿತ್ತು. ಅಂಬಾದಾಸ ನನ್ನ ಬಾಯಿಗೆ ಮೀನು ತುರುಕಿದ ಎಂದು ಹೇಳಿದೆ.

ಹುಡುಗನ ಬಾಯಿಗೆ ಮೀನು ಹೋಯಿತು ಎಂಬುದಕ್ಕಿಂತ ಯಾರ ಕೈಯಿಂದ ಹೋಯಿತು ಎಂಬುದು ಅಜ್ಜನಿಗೆ ದೊಡ್ಡದಾಗಿತ್ತು. ಮರುದಿನ ಬೆಳಿಗ್ಗೆ ಹಣಮಂತ ತೋಟದ ಬಾಗಿಲಿಗೆ ಬಂದಾಗ, ಕೆರೆಯಲ್ಲಿ ನಿನ್ನ ಮಗ ಮಾಡಿದ್ದು ಗೊತ್ತಾಯಿತು, ಇನ್ನು ಬರುವುದು ಬೇಡ ಎಂದ. ಹಣಮಂತ ಏನೋ ಕೇಳಿದ. ಅಜ್ಜ ಒಳಗೆ ಹೋದ. ಊರಲ್ಲಿ ಬೇರೆ ಯಾರೂ ಅವನನ್ನು ಕೆಲಸಕ್ಕೆ ಕರೆಯಲಿಲ್ಲ. ತಿಂಗಳೊಳಗೆ ಆ ಕುಟುಂಬ ಕಲಬುರಗಿಗೆ ಹೋಯಿತು. ಹಣಮಂತ ಗಂಜಿನ ಕಾಳಿನ ಮಾರುಕಟ್ಟೆಯಲ್ಲಿ ಚೀಲ ಹೊರುತ್ತಾನೆ, ಅಂಬಾದಾಸ ಶಾಲೆ ಬಿಟ್ಟು ಲೇಥ್ ಮಿಷನ್ನಿನ ಕೆಲಸಕ್ಕೆ ಸೇರಿದ್ದಾನೆ ಎಂದು ಸುದ್ದಿ ಬಂತು. ಕಾಕಾನಿಗೆ ಯಾವ ಕಾರಣವೂ ಗೊತ್ತಾಗಲಿಲ್ಲ. ಅಜ್ಜ ಅವನಿಗೂ ಹೊಡೆದಿದ್ದ, ಏಕೆಂದು ಹೇಳಿರಲಿಲ್ಲ. ಅವರು ಹೋಗುವ ಮುಂಚೆ ಕಾಕಾ ಎರಡು ಸಲ ಅವರ ಮನೆಗೆ ಹೋದ. ಅಂಬಾದಾಸ ಹೊರಗೆ ಬರಲಿಲ್ಲ. ಅವನು ಮಾತು ಬಿಟ್ಟದ್ದು ಯಾಕೆಂದು ಕಾಕಾ ನನ್ನನ್ನೇ ಕೇಳುತ್ತಿದ್ದ. ನನಗೆ ಗೊತ್ತಿಲ್ಲ ಎನ್ನುತ್ತಿದ್ದೆ.

ಇಷ್ಟು ಹಿನ್ನೆಲೆಯಿಟ್ಟುಕೊಂಡು ಜೂನಿನ ಒಂದು ಶನಿವಾರ ಮಧ್ಯಾಹ್ನ ಅಂಬಾದಾಸನ ವರ್ಕ್‌ಶಾಪಿಗೆ ಹೋದೆ. ತಲೆ ನರೆತಿತ್ತು, ಕನ್ನಡಕ ಬಂದಿತ್ತು, ಕಣ್ಣು ಅದೇ. ನನ್ನನ್ನು ನೋಡಿದ ಕೂಡಲೇ ಗುರುತು ಹಿಡಿದ. ಸ್ಟೂಲು ಸರಿಸಿದ, ಚಹಾ ತರಿಸಿದ, ಸರ್ ಎಂದು ಕರೆದ. ನಾನು ನೋಟ್‌ಬುಕ್ಕು ಬಿಚ್ಚಿ ಭರಣಿಗಳ ಕಥೆ, ಎಡಗೈಯ ಬೆರಳು ಹೋದವರೊಬ್ಬರಿಗೆ ಬೇಕಾದ ಸ್ಟ್ಯಾಂಡಿನ ಕಥೆ ಹೇಳಿದೆ. ಅವನು ಆಸಕ್ತಿಯಿಂದ ಕೇಳಿದ. ಕೊಳವೆ ಎಷ್ಟು ಓರೆ ಇರಬೇಕು, ಕೂತವರ ಬಲಗೈಗೆ ರೀಲು ಎಲ್ಲಿ ಬರಬೇಕು ಎಂದು ಚಾಕ್‌ಪೀಸಿನಿಂದ ನೆಲದ ಮೇಲೆ ಗೆರೆ ಎಳೆದ. ಕೊನೆಗೆ, ಯಾರಿಗೆ ಎಂದು ಕೇಳಿದ. ಮಲ್ಲುಕಾಕಾನಿಗೆ ಎಂದೆ.

ಅವನು ಕಾಲಿನಿಂದ ಗೆರೆ ಅಳಿಸಿದ.

“ಅವ್ರಿಗೆ ಮಾಡಂಗಿಲ್ರಿ. ಅಂವಾ ತಮ್ಮಪ್ಪನ ಮುಂದ ಏನ್ ಹೇಳ್ಯಾನಂತ ನನಗ ಗೊತ್ತದ. ಚಹಾ ಕುಡೀರಿ.”

ನಾನು ಚಹಾ ಕುಡಿದೆ. ಕುಡಿದು ಎದ್ದು ಬಂದೆ. ಬಾಯಿ ಬಿಡಬೇಕಾದ ಹೊತ್ತಿಗೆ ಬಾಯಲ್ಲಿ ಚಹಾ ಇತ್ತು ಎಂಬುದು ನನ್ನ ಸಮರ್ಥನೆ. ಮನೆಗೆ ಬಂದು ಕಾಕಾನಿಗೆ ಫೋನು ಮಾಡಿ, ಇಲ್ಲಿ ಆ ಸ್ಟೀಲು ಸಿಗುವುದಿಲ್ಲವಂತೆ ಎಂದೆ. ಅವನು ಇರಲಿ ಬಿಡು ಎಂದ. ಇಷ್ಟು ಸುಲಭವಾಗಿ ಬಿಡುವ ಮನುಷ್ಯ ಅವನಲ್ಲ. ನನಗೆ ಅದು ಹಗುರವಾಗಿ ಕಂಡಿತು. ಹಗುರವೆಂದೇ ತಿಳಿದು ಎರಡು ತಿಂಗಳು ಕಳೆದೆ.

ಆಗಸ್ಟಿನಲ್ಲಿ ಸುವರ್ಣಾಳ ಫೋನು ಬಂತು. ಅಪ್ಪ ಹೊಸ ಕೋಲನ್ನೂ ಮಾಲೀಕರಿಗೆ ಕೊಟ್ಟುಬಿಟ್ಟಿದ್ದಾನೆ, ಕೈಯ ವ್ಯಾಯಾಮ ನಿಲ್ಲಿಸಿದ್ದಾನೆ, ಮತ್ತೆ ಗೋಡೆಗೆ ಮುಖ ಮಾಡಿ ಕೂತಿದ್ದಾನೆ ಎಂದಳು. ಮಳೆಗಾಲ ಮುಗಿದ ಮೇಲಾದರೂ ನೀರಿಗೆ ಹೋಗು ಎಂದರೆ, ಅರ್ಧ ಮನುಷ್ಯ ಹೋಗಿ ಏನು ಮಾಡಲಿ ಅನ್ನುತ್ತಾನಂತೆ. ಅಣ್ಣಾ, ನೀ ಆ ಸ್ಟ್ಯಾಂಡ್ ಒಂದು ಮಾಡಿಸಿದ್ರ ಛಲೋ ಇತ್ತು ಎಂದಳು. ಅವಳು ನನ್ನನ್ನು ಆಕ್ಷೇಪಿಸಲಿಲ್ಲ. ಆಕ್ಷೇಪಿಸಿದ್ದರೆ ನಾನು ಏನಾದರೂ ಸಬೂಬು ಹೇಳುತ್ತಿದ್ದೆ.

ಮಹಾದೇವಿಗೆ ಅವತ್ತು ಎಲ್ಲ ಹೇಳಿದೆ, ಮದುವೆಯಾಗಿ ಇಪ್ಪತ್ತಾರು ವರ್ಷದ ಮೇಲೆ. ಅವಳು ಅಕ್ಕಿ ಆರಿಸುತ್ತಿದ್ದಳು. ಆರಿಸುವುದನ್ನು ಮುಗಿಸಿ, ಮೊರ ಕೆಳಗಿಟ್ಟು, ನಾಳೆ ಬಸ್ಸಿನಲ್ಲಿ ಎಡಗಡೆ ಕೂಡ್ರಿ ಎಂದಳು.

ಮರುದಿನ ಶಾಲೆಗೆ ರಜೆ ಬರೆದು ವರ್ಕ್‌ಶಾಪಿನ ಮುಂದೆ ಇಳಿದೆ. ಅಂಬಾದಾಸ ಗ್ರೈಂಡರ್ ಹಿಡಿದು ಒಂದು ಪೈಪಿನ ಬಾಯಿ ಉಜ್ಜುತ್ತಿದ್ದ. ನಾನು ಹತ್ತಿರ ಹೋಗಿ ಹೇಳಿದೆ. ಕೇಳಿಸಲಿಲ್ಲ. ಇನ್ನೊಂದು ಸಲ ಜೋರಾಗಿ ಹೇಳಬೇಕಾಯಿತು. ಅಷ್ಟು ವರ್ಷ ಅಡಗಿಸಿಟ್ಟ ಮಾತನ್ನು ಕೂಗಿ ಹೇಳುವುದು ನನ್ನ ಯೋಜನೆಯಲ್ಲಿರಲಿಲ್ಲ.

“ಮಲ್ಲುಕಾಕಾ ಹೇಳಿಲ್ರಿ. ಹೇಳಿದಾಂವ ನಾ.”

ಅವನು ಗ್ರೈಂಡರ್ ಬಂದ್ ಮಾಡಿದ. ಅದರ ಚಕ್ರ ನಿಲ್ಲುವವರೆಗೂ ಅದನ್ನೇ ನೋಡಿದ.

“ಏನಂತ ಹೇಳಿದ್ರಿ?”

“ನೀವು ನನ್ನ ಬಾಯಾಗ ತುರುಕಿದ್ರಿ ಅಂತ. ಖರೆ ಅಂದ್ರ ನಾನೇ ಕೇಳಿ ತಿಂದಿದ್ದೆ. ಎರಡು ತಿಂದಿದ್ದೆ.”

“ಮೂರು,” ಎಂದ ಅಂಬಾದಾಸ.

ನಾನು ಒಪ್ಪಿಕೊಂಡೆ. ಅವನು ಕೈಗವಸು ತೆಗೆದು ಬೆಂಚಿನ ಮೇಲಿಟ್ಟ. ಇಷ್ಟು ವರ್ಷ ಯಾಕೆ ಸುಮ್ಮನಿದ್ದಿರಿ ಎಂದ. ಅಂಜಿಕೆ ಎಂದೆ. ಯಾರ ಅಂಜಿಕೆ, ನಿಮ್ಮ ಅಜ್ಜ ಸತ್ತು ಎಷ್ಟು ವರ್ಷ ಆಯಿತು ಎಂದ. ಮೂವತ್ತೊಂದು ಎಂದೆ. ಏನಾದರೂ ಒಳ್ಳೆಯ ಮಾತು ಸೇರಿಸಬೇಕೆನಿಸಿ, ಸುತ್ತ ನೋಡಿ, ಏನೇ ಆಗಲಿ ಈಗ ಇಷ್ಟು ದೊಡ್ಡ ವರ್ಕ್‌ಶಾಪು ಆಗಿದೆಯಲ್ಲ ಎಂದು ಶುರುಮಾಡಿದೆ. ನನ್ನ ಜೀವನದಲ್ಲಿ ನಾನು ಆಡಿದ ಮಾತುಗಳಲ್ಲಿ ಇದು ಬಹಳ ಕೆಳಗಿನದು.

“ಅದರಿಂದ ಇದಾತು ಅನಬ್ಯಾಡ್ರಿ ಸರ್. ಅದು ನೀವು ಮಾಡಿದ್ದು. ಇದು ನಾ ಮಾಡಿದ್ದು. ಎರಡೂ ಬ್ಯಾರೆ ಬ್ಯಾರೆ.”

ಅವನು ಬೆಂಚಿನ ಮೇಲಿನ ಲೋಹದ ಪುಡಿ ಗುಡಿಸಿದ. ಆಮೇಲೆ ಅವನು, ಮಲ್ಲು ತಮ್ಮ ಮನೆಗೆ ಎರಡು ಸಲ ಬಂದಿದ್ದನ್ನು ನೆನೆದ. ಒಳಗೆ ಕತ್ತಲ ಮೂಲೆಯಲ್ಲಿ ಕೂತು ಅವನು ಕರೆಯುವುದನ್ನು ಕೇಳಿಯೂ ಎದ್ದಿರಲಿಲ್ಲವಂತೆ. ಇದನ್ನು ನನಗೆ ಹೇಳಿದಿರಿ, ಆಯಿತು. ಅವನಿಗೂ ನೀವೇ ಹೇಳಬೇಕು, ನಾನು ಹೇಳುವುದಿಲ್ಲ ಎಂದ. ಚಾಕ್‌ಪೀಸು ತೆಗೆದುಕೊಂಡು ನೆಲದ ಮೇಲೆ ಮತ್ತೆ ಗೆರೆ ಎಳೆಯತೊಡಗಿದ. ದೋಣಿಯ ಹಲಗೆ ಎಷ್ಟು ದಪ್ಪ ಎಂದು ಕೇಳಿದ. ಕಾಕಾನಿಗೆ ಫೋನು ಮಾಡಿದೆ. ಎರಡು ಬೆರಳು ಎಂದ. ಬೆರಳಿನ ಲೆಕ್ಕದಲ್ಲಿ ಅವನನ್ನು ನಂಬುವುದು ಕಷ್ಟ ಎಂದು ಅಂಬಾದಾಸ ಹೇಳಿ, ಜೋಡಿಸುವಾಗ ಅಳತೆ ತಾನೇ ನೋಡುವುದಾಗಿ ತಿಳಿಸಿದ. ಅಂದರೆ ಬರುತ್ತೇನೆ ಎಂದರ್ಥ.

ಸ್ಟ್ಯಾಂಡು ಮೂರು ವಾರದಲ್ಲಿ ತಯಾರಾಯಿತು. ದಪ್ಪ ಗೋಡೆಯ ಕೊಳವೆ, ಒಳಗೆ ರಬ್ಬರು, ಬುಡದಲ್ಲಿ ಕೊಳವೆಯನ್ನು ಎಡಕ್ಕೆ ಬಲಕ್ಕೆ ತಿರುಗಿಸಿ ಬಿಗಿಮಾಡುವ ಹಲ್ಲಿನ ಚಕ್ರ. ಒಂದೇ ಕೈಯಿಂದ, ಹೆಬ್ಬೆರಳಿನಿಂದ ತಿರುಗಿಸಬಹುದು. ಬೆಸುಗೆಯ ಗುರುತೂ ಕಾಣದಂತೆ ಉಜ್ಜಿದ್ದ; ಒರಟು ಜಾಗದಲ್ಲೇ ಉಪ್ಪು ಮನೆ ಮಾಡುತ್ತದೆ ಎಂದ. ಅದನ್ನು ಬೆಂಚಿಗೆ ಬಿಗಿದು, ಒಳಗೆ ಸಲಾಕೆ ಇಟ್ಟು, ಜೋತು ಬೀಳಿ ಎಂದು ನನಗೆ ಹೇಳಿದ. ತಮಾಷೆಯೆಂದುಕೊಂಡೆ. ಅಲ್ಲ. ಎಪ್ಪತ್ತೆರಡು ಕೆಜಿ ತೂಕದ ಪ್ರೌಢಶಾಲಾ ಶಿಕ್ಷಕ, ಕೆಲಸಗಾರರೆಲ್ಲ ನೋಡುತ್ತಿರಲು, ಕಾಲು ಮಡಚಿ ಸಲಾಕೆಗೆ ಜೋತುಬಿದ್ದೆ. ಅಂಬಾದಾಸ ಬಗ್ಗಿ ಕೊಳವೆಯ ಬುಡ ನೋಡಿದ. ಇನ್ನಾ ಸ್ವಲ್ಪ ಇರ್ರಿ ಎಂದ. ಇದ್ದೆ.

ದಸರಾ ರಜೆಯಲ್ಲಿ ನಾವಿಬ್ಬರೂ ಕಾರವಾರಕ್ಕೆ ಹೋದೆವು. ದಾರಿಯುದ್ದಕ್ಕೂ ಅವನು ಸ್ಟ್ಯಾಂಡನ್ನು ಹಳೆಯ ಟವೆಲ್ಲಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡಿದ್ದ. ಯಾರು ಬರುತ್ತಿದ್ದಾರೆಂದು ನಾನು ಕಾಕಾನಿಗೆ ಹೇಳಿರಲಿಲ್ಲ; ಮೇಸ್ತ್ರಿ ಎಂದಷ್ಟೇ ಹೇಳಿದ್ದೆ. ಬಸ್ ಸ್ಟ್ಯಾಂಡಿನಲ್ಲಿ ಕಾಕಾ, ಸುವರ್ಣಾ ನಿಂತಿದ್ದರು. ಅಂಬಾದಾಸ ಇಳಿದ. ಕಾಕಾ ಅವನನ್ನು ನೋಡಿದ. ನಡುವೆ ಒಬ್ಬ ಚುರುಮುರಿಯವನು ಹಾದುಹೋದ.

“ದಪ್ಪ ಆಗೀದಲ್ಲೋ,” ಎಂದ ಕಾಕಾ.

“ಬೆರಳು ಎಲ್ಲಿ ಹೋದ್ವು?”

“ಕಣಕಿ ಮಿಷನ್ ತಿಂತು.”

ಅಂಬಾದಾಸ ಆ ಕೈ ತೆಗೆದುಕೊಂಡು, ಕನ್ನಡಕ ಸರಿಮಾಡಿಕೊಂಡು, ತಿರುಗಿಸಿ ನೋಡಿದ, ಕೆಟ್ಟ ಮಿಷನ್ನಿನ ಭಾಗ ನೋಡುವ ಹಾಗೆ. ಕೈ ಬಿಡಲಿಲ್ಲ. ಹಾಗೆಯೇ ರಿಕ್ಷಾ ಹತ್ತಿದರು. ಸುವರ್ಣಾ ಅವರ ಜೊತೆ ಕೂತಳು. ನನಗೆ ಮುಂದೆ ಡ್ರೈವರನ ಪಕ್ಕ ಅರ್ಧ ಜಾಗ ಸಿಕ್ಕಿತು.

ಮರುದಿನ ಬೆಳಿಗ್ಗೆ ದೋಣಿಯಲ್ಲಿ ನಾವು ನಾಲ್ವರು. ಮಾಲೀಕರು ಹುಟ್ಟು ಹಾಕುತ್ತಿದ್ದರು. ಹಲಗೆ ಮೂರು ಬೆರಳು ದಪ್ಪವಿತ್ತು. ಅಂಬಾದಾಸ ದಡದಲ್ಲೇ ತೂತು ಕೊರೆದು, ಕೆಳಗೆ ಪಟ್ಟಿ ಕೊಟ್ಟು, ಬೋಲ್ಟು ಬಿಗಿದಿದ್ದ. ಅಳಿವೆಯ ನಡುವೆ ಕಾಕಾ ಗಾಳ ಬಿಟ್ಟು, ಕೋಲನ್ನು ಕೊಳವೆಗಿಟ್ಟು, ಹೆಬ್ಬೆರಳಿನಿಂದ ಚಕ್ರ ತಿರುಗಿಸಿ ನೋಡಿದ. ಇನ್ನೊಮ್ಮೆ ತಿರುಗಿಸಿದ. ಆಮೇಲೆ ನೀರು ನೋಡುತ್ತಲೇ, ಅಂಬ್ಯಾ, ಅವಾಗ ಯಾಕ ಮಾತು ಬಿಟ್ಟಿ ಎಂದು ಕೇಳಿದ. ಅದನ್ನು ಬಸವರಾಜ ಸರ್ ಹೇಳುತ್ತಾರೆ ಎಂದ ಅಂಬಾದಾಸ.

ದೋಣಿಯಲ್ಲಿ ಎದ್ದು ಹೋಗಲು ಜಾಗವಿರುವುದಿಲ್ಲ. ನಾನು ಶುರುಮಾಡಿದೆ. ಕೆರೆ, ಕೆಂಡ, ನನ್ನ ಬಾಯಿಯ ವಾಸನೆ, ಅಜ್ಜ ಕೇಳಿದ್ದು, ಇಷ್ಟು ಹೇಳುವಷ್ಟರಲ್ಲಿ ಕೋಲು ಬಿಲ್ಲಿನ ಹಾಗೆ ಬಾಗಿತು. ಕಾಕಾ ರೀಲಿಗೆ ಕೈ ಹಾಕಿದ. ಮೀನು ಎಡಕ್ಕೆ ಓಡಿತು, ಹೆಬ್ಬೆರಳಿನಿಂದ ಚಕ್ರವನ್ನು ಎಡಕ್ಕೆ ತಿರುಗಿಸಿದ; ಬಲಕ್ಕೆ ಓಡಿತು, ಬಲಕ್ಕೆ ತಿರುಗಿಸಿದ. ಬೋಲ್ಟು ಕಿರ್ ಎನ್ನಲಿಲ್ಲ. ಕಾಕಾನ ಕುತ್ತಿಗೆಯ ನರ ಉಬ್ಬಿತ್ತು. ನಾನು ಅರ್ಧ ತಪ್ಪೊಪ್ಪಿಗೆಯನ್ನು ಬಾಯಲ್ಲಿಟ್ಟುಕೊಂಡು ಕಾಲು ಗಂಟೆ ಕಾದೆ. ಮೀನು ಮೇಲೆ ಬಂತು, ಮೊಳ ಉದ್ದದ್ದು, ಬೆಳ್ಳಗೆ. ಮಾಲೀಕರು ಬಲೆಯಲ್ಲಿ ಎತ್ತಿಕೊಂಡು ಅದರ ಹೆಸರು ಹೇಳಿದರು. ನನ್ನ ಕಿವಿಗೆ ಹೋಗಲಿಲ್ಲ.

ಕಾಕಾ ಉಸಿರು ಸುಧಾರಿಸಿಕೊಂಡು, ಮುಖ ಒರೆಸಿಕೊಂಡು, ಮುಂದ ಹೇಳು ಎಂದ. ಉಳಿದದ್ದನ್ನು ಹೇಳಿದೆ. ಅದು ಒಂದೇ ವಾಕ್ಯ.

ಅವನು ನನ್ನನ್ನು ನೋಡಿದ. ಬೈಯುತ್ತಾನೆಂದುಕೊಂಡೆ.

“ಹಣಮಂತ ಕಾಕಾ ನನಗ ಈಸು ಕಲಿಸಿದ್ದ,” ಎಂದ. “ಹೊಟ್ಟಿ ಕೆಳಗ ಕೈ ಕೊಟ್ಟು, ಕೆರಿ ತುಂಬ ತಿರುಗಾಡಿಸಿದ್ದ.”

ಅಷ್ಟೇ. ಆಮೇಲೆ ನನ್ನ ಜೊತೆ ಮಾತು ನಿಲ್ಲಿಸಿದ. ಅವತ್ತು, ಮರುದಿನ, ಅದರ ಮರುದಿನ. ಅವರಿಬ್ಬರೂ ಮಾತ್ರ ಎಡೆಬಿಡದೆ ಮಾತಾಡಿದರು. ಹಣಮಂತ ಹೇಗೆ ತೀರಿಕೊಂಡ, ಕೊನೆಯಲ್ಲಿ ಏನು ಕೇಳಿದ, ಅಂಬಾದಾಸನ ಮೊದಲ ಲೇಥು ಯಾವುದು, ಯಾವ ಮೇಷ್ಟ್ರು ಯಾರಿಗೆ ಹೊಡೆದರು. ನಾನು ದೋಣಿಯ ಹಿಂಭಾಗದಲ್ಲಿ ಎರೆಹುಳದ ಡಬ್ಬಿ ಹಿಡಿದು ಕೂರುತ್ತಿದ್ದೆ. ಬೇಕಾದಾಗ ಕಾಕಾ ಕೈ ಹಿಂದಕ್ಕೆ ಚಾಚುತ್ತಿದ್ದ, ಡಬ್ಬಿ ಕೊಡುತ್ತಿದ್ದೆ. ಊಟಕ್ಕೆ ಕೂತಾಗ ಸುವರ್ಣಾ ನನ್ನ ಮುಖ, ಅವನ ಮುಖ ನೋಡಿ ಬಡಿಸಿದಳು. ನನಗೆ ಅಳು ಬರಲಿಲ್ಲ, ಸಿಟ್ಟೂ ಬರಲಿಲ್ಲ. ನನ್ನ ತಪ್ಪಿಗೆ ಮೂರು ದಿನದ ಈ ಶಿಕ್ಷೆ ಬಹಳ ಕಡಿಮೆಯಾಯಿತು ಎಂದು ಮಾತ್ರ ಅನ್ನಿಸಿತು.

ಹೊರಡುವ ದಿನ ಮಧ್ಯಾಹ್ನ ದೋಣಿ ದಡಕ್ಕೆ ಹಚ್ಚಿದ ಮೇಲೆ ಅಂಬಾದಾಸ ಕಾಕಾನಿಗೆ ಕೊನೆಯ ಸೂಚನೆ ಕೊಟ್ಟ. ಸ್ಟೀಲು ಎಂಥದೇ ಇರಲಿ, ನೀರಿನಿಂದ ಬಂದ ಕೂಡಲೇ ಪ್ರತಿ ಸಲ ಸಿಹಿನೀರಿನಿಂದ ತೊಳೆಯಬೇಕು. ಬೋಲ್ಟಿನ ಸಂದಿಯಲ್ಲಿ ಉಪ್ಪು ಕೂತರೆ ಯಾವ ನಂಬರೂ ಕಾಯುವುದಿಲ್ಲ ಎಂದ. ಮಾಲೀಕರ ಹಿತ್ತಲಲ್ಲಿ ಬಾವಿ ಇತ್ತು, ದಡದಿಂದ ನೂರು ಹೆಜ್ಜೆ. ಕಾಕಾ ಅಲ್ಲಿದ್ದ ಖಾಲಿ ಕೊಡ ಎತ್ತಿ, ನನ್ನ ಕಡೆ ನೋಡದೆ, ನನ್ನ ಕಡೆ ಚಾಚಿದ.

“ನೀರು ತಾ.”

ತಂದೆ. ನಾನು ಸುರಿದೆ, ಅವನು ಬಲಗೈಯಿಂದ ತಿಕ್ಕಿದ. ಸಂದಿಗೆ ಹಾಕು ಎಂದ, ಹಾಕಿದೆ. ಇನ್ನೊಂದು ತಾ ಎಂದ, ತಂದೆ. ನಾಲ್ಕನೆಯ ಕೊಡದ ಹೊತ್ತಿಗೆ ಸ್ಟ್ಯಾಂಡು ಬಿಸಿಲಿಗೆ ಹೊಳೆಯುತ್ತಿತ್ತು. ತೊಳೆಯಲು ಅದರಲ್ಲಿ ಏನೂ ಉಳಿದಂತೆ ನನಗೆ ಕಾಣಲಿಲ್ಲ. ಅಂಬಾದಾಸ ದೋಣಿಯ ಅಂಚಿನಲ್ಲಿ ಕೂತು ನೋಡುತ್ತಿದ್ದ. ಸಾಕು ಎನ್ನುತ್ತಾರೇನೋ ಎಂದು ಇಬ್ಬರ ಮುಖವನ್ನೂ ನೋಡಿದೆ. ಯಾರೂ ಅನ್ನಲಿಲ್ಲ. ನಾನು ಕೊಡ ಎತ್ತಿಕೊಂಡು ಮತ್ತೆ ಹೋದೆ. ಬಾವಿಯಲ್ಲಿ ನೀರು ಬೇಕಾದಷ್ಟಿತ್ತು.